ಪಾದ್ರಿಗಳ ಪತ್ರಗಳೂ ನಮ್ಮ ಪಂಕ್ತಿಯೂ

ವಿಶಾಖಪಟ್ಟಣದಲ್ಲಾಗಲಿ ವಿಜಯವಾಡದಲ್ಲಾಗಲಿ, ರಾತ್ರಿ ಹೊಟೇಲಿನ ಬಾಗಿಲು ಮುಚ್ಚಿ, ಪಾತ್ರೆ ತೊಳೆದು, ಗಲ್ಲಾಪೆಟ್ಟಿಗೆಯ ಲೆಕ್ಕವನ್ನು ಒಪ್ಪಿಸಿದ ಮೇಲೆ ನಮ್ಮವರು ಚಾಪೆ ಹಾಸಿಕೊಂಡು ಆಡುವ ಮಾತುಗಳಲ್ಲಿ ಮತವಿಚಾರವೂ ಒಂದು. ಅದರಲ್ಲಿ ತಪ್ಪೇನೂ ಇಲ್ಲ. ಹಗಲೆಲ್ಲ ಪರರ ಹಸಿವೆಯನ್ನು ನೋಡಿಕೊಂಡವನಿಗೆ ರಾತ್ರಿ ಒಂದು ಗಳಿಗೆ ತನ್ನ ಮನಸ್ಸಿನ ಹಸಿವೆಯನ್ನು ನೋಡಿಕೊಳ್ಳುವ ಹಕ್ಕುಂಟು. ಆದರೆ ಈಚೆಗೆ ಈ ಮಾತುಕತೆಗೆ ಆಧಾರವಾಗುತ್ತಿರುವುದು ಗ್ರಂಥವಲ್ಲ, ಅಂಗೈಯೊಳಗಿನ ಫೋನಿಗೆ ಬಂದು ಬೀಳುವ ಸಂದೇಶ. ಕ್ರೈಸ್ತ ಪಾದ್ರಿಗಳು ಈ ದೇಶಕ್ಕೆ ಬಂದುದು ಹಿಂಸೆಗಾಗಿಯೇ ಎಂದು ಒಂದು ಸಂದೇಶ ಸಾರಿದರೆ, ಅವರು ಬಾರದಿದ್ದರೆ ನಮಗೆ ಅಕ್ಷರವೇ ಇರುತ್ತಿರಲಿಲ್ಲವೆಂದು ಇನ್ನೊಂದು ಸಾರುತ್ತದೆ. ಎರಡನ್ನೂ ಬರೆದವರು ಯಾರೆಂಬುದು ಯಾರಿಗೂ ತಿಳಿಯದು. ಒಂದೇ ಒಲೆಯ ಮುಂದೆ ಬೆವರು ಸುರಿಸುವ ಉಡುಪಿಯ ಕಡೆಯ ಹುಡುಗನೂ ಮಂಗಳೂರಿನ ಕ್ರೈಸ್ತ ಹುಡುಗನೂ ಇವುಗಳ ದೆಸೆಯಿಂದ ಮುಖ ತಿರುಗಿಸಿಕೊಂಡು ಮಲಗುವಂತಾದರೆ, ಅದು ಹಾನಿಯಲ್ಲದೆ ಮತ್ತೇನು?

ಇಂತಹ ವಿಚಾರಗಳಲ್ಲಿ ಕೂಗಿಗೆ ಕಿವಿಗೊಡುವುದಕ್ಕಿಂತ ಕಾಗದಪತ್ರಗಳನ್ನು ಹುಡುಕಿದವರ ಮಾತಿಗೆ ಕಿವಿಗೊಡುವುದು ಲೇಸೆಂಬುದು ನಮ್ಮ ಅಭಿಪ್ರಾಯ. ಅಂತಹವರಲ್ಲಿ ಕನ್ನಡಿಗರು ಮರೆಯಬಾರದ ಹೆಸರು ಹೆನ್ರಿ ಹೆರಾಸ್ ಎಂಬವರದು. ಸ್ಪೇನ್ ದೇಶದ ಈ ಜೆಸೂಯಿಟ್ ಪಾದ್ರಿಗಳು 1922ರಲ್ಲಿ ಮುಂಬಯಿಗೆ ಬಂದು, ಸೇಂಟ್ ಕ್ಸೇವಿಯರ್ ಕಾಲೇಜಿನಲ್ಲಿ ಇತಿಹಾಸವನ್ನು ಬೋಧಿಸುತ್ತ, 1926ರಲ್ಲಿ ಅಲ್ಲಿಯೇ ಭಾರತೀಯ ಇತಿಹಾಸ ಸಂಶೋಧನ ಮಂದಿರವೊಂದನ್ನು ಸ್ಥಾಪಿಸಿದರು. 1955ರಲ್ಲಿ ಮುಂಬಯಿಯಲ್ಲಿಯೇ ತೀರಿಕೊಂಡರು. 1981ರಲ್ಲಿ ಭಾರತದ ಅಂಚೆ ಇಲಾಖೆ ಇವರ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 'ವಿಜಯನಗರದ ಅರವೀಡು ವಂಶ' ಎಂಬ ಇವರ ಇಂಗ್ಲಿಷು ಗ್ರಂಥ ಪ್ರಕಟವಾದುದು 1927ರಲ್ಲಿ. ತಾಳೀಕೋಟೆಯ ಯುದ್ಧವಾದ ಮೇಲೆ ವಿಜಯನಗರದ ಕಥೆ ಮುಗಿಯಿತೆಂದೇ ಶಾಲೆಯಲ್ಲಿ ಓದಿದ ನಮಗೆ, ಆ ಬಳಿಕವೂ ಪೆನುಕೊಂಡೆಯಲ್ಲಿ, ಚಂದ್ರಗಿರಿಯಲ್ಲಿ, ವೇಲೂರಿನಲ್ಲಿ ಅದೇ ಕರ್ಣಾಟ ಸಿಂಹಾಸನದ ಹೆಸರಿನಲ್ಲಿ ಅರಸರು ಆಳಿದರೆಂಬುದನ್ನು ವಿಸ್ತಾರವಾಗಿ ತೋರಿಸಿಕೊಟ್ಟ ಗ್ರಂಥವಿದು.

ಹೆರಾಸರಿಗೆ ಇದಕ್ಕೆ ಸಾಮಗ್ರಿ ದೊರೆತುದೆಲ್ಲಿ? ಶಾಸನಗಳು ಇದ್ದವು, ತೆಲುಗು ಮತ್ತು ಸಂಸ್ಕೃತ ಕಾವ್ಯಗಳು ಇದ್ದವು. ಆದರೆ ಅವುಗಳ ಜತೆಗೆ ಅವರು ಉಪಯೋಗಿಸಿದ್ದು ತಮ್ಮ ಸಂಘದ ಹಳೆಯ ಪತ್ರವ್ಯವಹಾರವನ್ನು. ಜೆಸೂಯಿಟರು ತಾವು ಇರುವ ಊರಿನ ಸಮಾಚಾರವನ್ನು ತಪ್ಪದೆ ಮೇಲಿನವರಿಗೆ ಬರೆದು ಕಳುಹಿಸಬೇಕೆಂಬುದು ಅವರ ಸಂಘದ ಕಟ್ಟಳೆ. ಗುಮಾಸ್ತೆಯ ಕೆಲಸ ಮಾಡುವ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ: ಶಾಖೆಯಿಂದ ಮುಖ್ಯ ಕಚೇರಿಗೆ ವರದಿ ಹೋಗುವಂತೆಯೇ ಇದು. ವರದಿ ಬರೆಯುವವನು ತನ್ನ ಕೆಲಸವನ್ನು ಸ್ವಲ್ಪ ಹಿಗ್ಗಿಸಿ ಬರೆಯುವುದೂ ಅಲ್ಲಿ ಉಂಟು, ಇಲ್ಲಿಯೂ ಉಂಟು. ಆದರೂ ಅವನು ತನಗೆ ಲಾಭವಿಲ್ಲದ ಸಂಗತಿಯನ್ನು ಬರೆದಾಗ ಅದನ್ನು ನಂಬಲು ಅಡ್ಡಿಯಿಲ್ಲ.

1598ರಲ್ಲಿ ಈ ಪಾದ್ರಿಗಳು ಚಂದ್ರಗಿರಿಯಲ್ಲಿ ಎರಡನೆಯ ವೆಂಕಟಪತಿರಾಯನ ಆಸ್ಥಾನಕ್ಕೆ ಬಂದರು. ಇಂದಿನ ತಿರುಪತಿಯ ಪಕ್ಕದಲ್ಲಿಯೇ ಇರುವ ಕೋಟೆ ಅದು. ನಮ್ಮಲ್ಲಿ ಅನೇಕರು ತಿಮ್ಮಪ್ಪನ ದರ್ಶನಕ್ಕೆ ಹೋಗಿಬರುತ್ತ ಅದನ್ನು ನೋಡದೆ ಬಂದಿರುವರು. ವೆಂಕಟಪತಿರಾಯನು ಪರಮ ವೈಷ್ಣವ, ತಿರುಮಲೆಯ ಸ್ವಾಮಿಯ ಭಕ್ತ. ಆದರೂ ಪರದೇಶದ ಪಾದ್ರಿಗಳನ್ನು ಆದರದಿಂದ ಬರಮಾಡಿಕೊಂಡನು. ಇಗರ್ಜಿ ಕಟ್ಟಲು ಅನುಮತಿ ಕೊಟ್ಟನು. ಅವರಲ್ಲಿ ಚಿತ್ರ ಬರೆಯಬಲ್ಲವರಿದ್ದುದರಿಂದ ಅವರ ಚಿತ್ರಗಳನ್ನು ಮೆಚ್ಚಿಕೊಂಡನು. ತತ್ತ್ವವಿಚಾರದ ಚರ್ಚೆಯನ್ನೂ ಕೇಳಿದನು. ತನ್ನ ಮತವನ್ನು ಮಾತ್ರ ಬಿಡಲಿಲ್ಲ. ಪಾದ್ರಿಗಳೂ ಕೆಲವು ವರುಷ ಕಾದು ನೋಡಿ ಅಲ್ಲಿಂದ ಹೊರಟುಹೋದರು. ಹೆದರಿಕೆಯಿಲ್ಲದ ಅರಸನಿಗೆ ಅನ್ಯರ ಮಾತನ್ನು ಕೇಳುವುದು ಕಷ್ಟವಾಗಲಿಲ್ಲ ಎಂದು ನಮಗೆ ತೋರುತ್ತದೆ.

ಇನ್ನೊಂದು ಪತ್ರದ ಮಾತನ್ನು ಹೇಳದೆ ಮುಂದೆ ಹೋಗಲಾಗದು. 1614ರಲ್ಲಿ ವೆಂಕಟಪತಿರಾಯನು ತೀರಿಕೊಂಡ ಮೇಲೆ ಸಿಂಹಾಸನಕ್ಕಾಗಿ ಘೋರವಾದ ಅಂತಃಕಲಹ ನಡೆಯಿತು. ಜಗ್ಗರಾಯನೆಂಬ ಸರದಾರನು ಹೊಸ ಅರಸನನ್ನು ಸಂಸಾರಸಮೇತ ಸೆರೆಯಲ್ಲಿಟ್ಟು ಕೊಲ್ಲಿಸಿದನು. ಆ ಕುಲದಲ್ಲಿ ಬದುಕಿ ಉಳಿದವನು ಒಬ್ಬ ಬಾಲಕ. ಅವನನ್ನು ಯಾಚಮ ನಾಯಕನ ಸೂಚನೆಯಂತೆ ಸೆರೆಯಿಂದ ಹೊರಗೆ ಸಾಗಿಸಿದವನು ಅರಮನೆಯ ಬಟ್ಟೆ ಒಗೆಯುತ್ತಿದ್ದ ಒಬ್ಬ ಅಗಸ. ಈ ಸಂಗತಿಯನ್ನು 1616ರಲ್ಲಿ ಬರೆದಿಟ್ಟವನು ಮಾನುಯೆಲ್ ಬರ್ರಾದಾಸ್ ಎಂಬ ಪೋರ್ತುಗೀಸ್ ಪಾದ್ರಿ. ರಾಬರ್ಟ್ ಸೀವೆಲ್ಲನು ತನ್ನ ವಿಜಯನಗರದ ಗ್ರಂಥದಲ್ಲಿ 1900ರಲ್ಲಿಯೇ ಆ ವೃತ್ತಾಂತವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿರುವನು. ಒಬ್ಬ ಅಗಸನ ಸಾಹಸ ದೂರದೇಶದ ಪಾದ್ರಿಯೊಬ್ಬನ ಕಾಗದದಿಂದ ನಮಗೆ ತಿಳಿಯಬೇಕಾಯಿತು! ಆ ಅಗಸನ ಹೆಸರನ್ನು ಮಾತ್ರ ಅವನೂ ಬರೆಯಲಿಲ್ಲ.

ಹಾಗೆಂದು ಹೆರಾಸರು ಹೇಳಿದುದನ್ನೆಲ್ಲ ಕಣ್ಣು ಮುಚ್ಚಿ ಒಪ್ಪಬೇಕೆಂದು ನಾವು ಹೇಳುವುದಿಲ್ಲ. ಅವರ ಲೇಖನಿಯಲ್ಲಿ ತಮ್ಮ ಸಂಘದವರ ಮೇಲಣ ಪ್ರೀತಿ ಎದ್ದು ಕಾಣುವುದು. ಸಿಂಧೂ ಮುದ್ರೆಗಳನ್ನು ಓದಿಬಿಟ್ಟೆನೆಂದು ಅವರು ಹೇಳಿದುದನ್ನು ವಿದ್ವಾಂಸರು ಒಪ್ಪಿಲ್ಲ. ವಿದ್ಯಾರಣ್ಯರಿಂದ ವಿಜಯನಗರ ಸ್ಥಾಪನೆಯಾಯಿತೆಂಬ ಕಥೆ ಶೃಂಗೇರಿಯವರು ಮುಂದೆ ಹೆಣೆದುದೆಂದು 1929ರಲ್ಲಿ ಅವರು ವಾದಿಸಿದಾಗ ನಮ್ಮವರಲ್ಲಿ ಅನೇಕರು ಸಿಟ್ಟಾದರು. ಅದೇ ಹೆರಾಸರು ವಿಜಯನಗರದ ಮೂಲಪುರುಷರು ಕನ್ನಡಿಗರೇ ಎಂದು ವಾದಿಸಿದಾಗ ಅದೇ ಜನ ಸಂತೋಷಪಟ್ಟರು! ತೆಲುಗರ ಪರವಾಗಿ ನೇಲಟೂರಿ ವೆಂಕಟರಮಣಯ್ಯನವರು 1933ರಲ್ಲಿ ಇದಕ್ಕೆ ಉತ್ತರ ಕೊಟ್ಟರು. ಆ ವಾದ ಇಂದಿಗೂ ಪೂರ್ತಿ ಮುಗಿದಿಲ್ಲ. ವಿಜಯವಾಡದಲ್ಲಿ ಅನ್ನ ಉಣ್ಣುತ್ತಿರುವ ನಾವು ಅದನ್ನು ತುಸು ಮೆಲ್ಲಗೆ ಆಡುವುದು ವಿವೇಕ. ಇಲ್ಲಿ ಹೇಳಬೇಕಾದುದಿಷ್ಟೆ: ಇತಿಹಾಸಕಾರನು ನಮಗೆ ಹಿತವಾದುದನ್ನು ಹೇಳಿದಾಗ ವಿದ್ವಾಂಸನೂ, ಅಹಿತವಾದುದನ್ನು ಹೇಳಿದಾಗ ಪಾದ್ರಿಯೂ ಆಗಿಬಿಡುವನೇ?

ಈಗ ಪಾದ್ರಿಗಳು ಏಕೆ ಬಂದರೆಂಬ ಮೂಲಪ್ರಶ್ನೆಗೆ ಬರೋಣ. ಯೂರೋಪಿನಲ್ಲಿ ಮಾರ್ಟಿನ್ ಲೂಥರನು ತನ್ನ ವಾದಗಳನ್ನು ಹೊರಡಿಸಿದುದು 1517ರ ಅಕ್ಟೋಬರ್ 31ರಂದು. ಪಾಪಪರಿಹಾರದ ಚೀಟಿಗಳನ್ನು ಹಣಕ್ಕೆ ಮಾರುವುದು ಅನ್ಯಾಯವೆಂದು ಅವನು ಹೇಳಿದನು; ಮುಂದೆ ಬೈಬಲ್ಲನ್ನು ಜನರಾಡುವ ಜರ್ಮನ್ ಭಾಷೆಗೆ ತಂದನು. ಅಚ್ಚುಕೂಟವಿದ್ದುದರಿಂದ ಮಾತು ಬೆಂಕಿಯಂತೆ ಹರಡಿತು. ಅದೇ ಕಾಲಕ್ಕೆ ನಮ್ಮ ಈ ನಾಡಿನಲ್ಲಿ ಏನು ನಡೆದಿತ್ತು? ಕೃಷ್ಣದೇವರಾಯನು 1515ರಲ್ಲಿ ಕೊಂಡವೀಡನ್ನು ಹಿಡಿದು, ವಿಜಯವಾಡದ ಮಗ್ಗುಲಲ್ಲಿರುವ ಕೊಂಡಪಲ್ಲಿಯನ್ನು ಗೆದ್ದು, ಗಜಪತಿಯನ್ನು ಬೆನ್ನಟ್ಟಿ ಬಂದು, 1516ರಲ್ಲಿ ವಿಶಾಖಪಟ್ಟಣದ ಸಿಂಹಾಚಲದಲ್ಲಿ ನರಸಿಂಹಸ್ವಾಮಿಗೆ ಆಭರಣಗಳನ್ನರ್ಪಿಸಿ ಶಾಸನ ಬರೆಯಿಸಿದ್ದನು. ಅವನು ಗೌರವಿಸುತ್ತಿದ್ದ ವ್ಯಾಸರಾಯರ ಶಿಷ್ಯವರ್ಗದಲ್ಲಿ ಪುರಂದರದಾಸರು, ಕನಕದಾಸರು ಹಾಡುತ್ತಿದ್ದರು. ಸಂಸ್ಕೃತದ ಬೀಗವನ್ನು ತೆಗೆದು ತತ್ತ್ವವನ್ನು ಕನ್ನಡದ ಬೀದಿಗೆ ತಂದವರು ಅವರು. ಅವರಿಗೆ ಲೂಥರನ ಹೆಸರು ತಿಳಿಯದು, ಲೂಥರನಿಗೆ ಅವರ ಹೆಸರು ತಿಳಿಯದು. ಎರಡೂ ಒಂದೇ ಎಂದು ಹೇಳುವುದು ಅವಸರದ ಮಾತಾದೀತು. ಲೂಥರನ ಹಿಂದೆ ರಾಜರು ನಿಂತು ಮಠದ ಆಸ್ತಿಗಳನ್ನು ಕಿತ್ತುಕೊಂಡರು, ದೇಶಗಳು ಒಡೆದವು. ದಾಸರ ಹಿಂದೆ ನಿಂತುದು ತಂಬೂರಿಯೊಂದೇ. ಹಾಡು ಮನೆಮನೆಗೆ ಹೋಯಿತು. ಪಂಕ್ತಿ ಇದ್ದಲ್ಲಿಯೇ ಇತ್ತು.

ಲೂಥರನಿಗೆ ಉತ್ತರವಾಗಿ ರೋಮಿನ ಸಭೆಯೂ ತನ್ನನ್ನು ತಿದ್ದಿಕೊಳ್ಳಲು ಹೊರಟಿತು. 1540ರಲ್ಲಿ ಜೆಸೂಯಿಟ್ ಸಂಘಕ್ಕೆ ಪೋಪರ ಮನ್ನಣೆ ದೊರೆಯಿತು. 1545ರಿಂದ 1563ರವರೆಗೆ ಟ್ರೆಂಟ್ ನಗರದಲ್ಲಿ ಮಹಾಸಭೆ ನಡೆಯಿತು. ಪಾದ್ರಿಗಳು ಓದಿದವರಾಗಿರಬೇಕು, ನಡತೆಯುಳ್ಳವರಾಗಿರಬೇಕು ಎಂಬ ಕಟ್ಟು ಬಿಗಿಯಾಯಿತು. 1542ರಲ್ಲಿ ಗೋವೆಗೆ ಬಂದ ಫ್ರಾನ್ಸಿಸ್ ಕ್ಸೇವಿಯರ್ ಈ ಹೊಸ ಉತ್ಸಾಹದ ಮಗು. ಈ ಉತ್ಸಾಹ ಒಂದು ಕೈಯಲ್ಲಿ ಶಾಲೆಯನ್ನೂ ಇನ್ನೊಂದು ಕೈಯಲ್ಲಿ ನ್ಯಾಯಪೀಠವನ್ನೂ ತಂದಿತು. ಶಾಲೆಯ ಕಥೆಯನ್ನು ಹೇಳಿ ಪೀಠದ ಕಥೆಯನ್ನು ಬಿಡುವವರೂ, ಪೀಠದ ಕಥೆಯನ್ನು ಹೇಳಿ ಶಾಲೆಯ ಕಥೆಯನ್ನು ಬಿಡುವವರೂ ಅರ್ಧ ತಕ್ಕಡಿಯ ವ್ಯಾಪಾರಿಗಳು.

ಪೀಠದ ಕಥೆಯನ್ನು ತಿಳಿಯಬೇಕಾದರೆ ಓದಬೇಕಾದ ಇತಿಹಾಸಕಾರರು ಗೋವೆಯ ಪ್ರಿಯೋಳದ ಅನಂತ ಕಾಕಬಾ ಪ್ರಿಯೋಳಕರರು. ಅವರ ಗ್ರಂಥ 1961ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಿಂದ ಹೊರಬಂತು. ಗೋವೆಯ ಈ ಮತವಿಚಾರಣಾ ಪೀಠ 1560ರಲ್ಲಿ ಆರಂಭವಾಗಿ, ನಡುವೆ ನಾಲ್ಕು ವರುಷ ಬಿಟ್ಟರೆ, 1812ರವರೆಗೆ ನಡೆಯಿತು. ಅದು ಹಿಡಿದವರಲ್ಲಿ ಬಹುಪಾಲು ಜನ ಯಾರು? ಹೊಸದಾಗಿ ಕ್ರೈಸ್ತರಾಗಿ, ಮನೆಯೊಳಗೆ ಹಳೆಯ ಆಚಾರವನ್ನು ಬಿಡದವರು. ಅಂದರೆ ಆ ಪೀಠದ ಭಾರ ಹೆಚ್ಚಾಗಿ ಬಿದ್ದುದು ಕೊಂಕಣದ ಕ್ರೈಸ್ತರ ಬೆನ್ನಿನ ಮೇಲೆಯೇ. ಅದರ ಸೆರೆಮನೆಯನ್ನು ಕಂಡು 1687ರಲ್ಲಿ ಪುಸ್ತಕ ಬರೆದ ದೆಲ್ಲೋನ್ ಎಂಬ ಫ್ರೆಂಚ್ ವೈದ್ಯನೂ ಕ್ರೈಸ್ತನೇ. 1736ರಲ್ಲಿ ಪೀಠ ಹೊರಡಿಸಿದ ಒಂದು ಕಟ್ಟಾಜ್ಞೆಯನ್ನು ಪ್ರಿಯೋಳಕರರು ಕೊಟ್ಟಿರುವರು. ಮನೆಯಲ್ಲಿ ತುಳಸಿ ಇಡಕೂಡದು, ಗಂಡಸರು ಧೋತ್ರ ಉಡಕೂಡದು, ಹೆಂಗಸರು ಚೋಳಿ ತೊಡಕೂಡದು. ಅಷ್ಟೇ ಅಲ್ಲ, ಹಿಂದುಗಳಂತೆ ಉಪ್ಪು ಹಾಕದೆ ಅನ್ನ ಬೇಯಿಸಕೂಡದು! ಅಡಿಗೆಯೇ ಜೀವನವಾದ ನಮ್ಮ ವಾಚಕರು ಇದನ್ನು ಒಂದು ನಿಮಿಷ ಯೋಚಿಸಬೇಕು. ಅನ್ನದ ಗಡಿಗೆಯಲ್ಲಿ ಉಪ್ಪಿದೆಯೋ ಇಲ್ಲವೋ ಎಂದು ನೋಡಿ ಒಬ್ಬನ ದೇವರನ್ನು ನಿರ್ಣಯಿಸುವ ಅಧಿಕಾರ ಎಂತಹದು?

ಭಾಷೆಯ ಮೇಲೂ ಕೈ ಬಿತ್ತು. ಇಂಗ್ಲೆಂಡಿನಿಂದ 1579ರಲ್ಲಿ ಗೋವೆಗೆ ಬಂದ ತೋಮಸ್ ಸ್ಟೀಫನ್ಸ್ ಎಂಬ ಜೆಸೂಯಿಟ್ ಪಾದ್ರಿ ಮರಾಠಿಯ ಓವಿ ಛಂದಸ್ಸಿನಲ್ಲಿ 'ಕ್ರಿಸ್ತ ಪುರಾಣ'ವನ್ನು ಬರೆದನು. ಅದು 1616ರಲ್ಲಿ ಅಚ್ಚಾಯಿತು. ಅವನು ಬರೆದ ಕೊಂಕಣಿ ವ್ಯಾಕರಣ 1640ರಲ್ಲಿ ಅಚ್ಚಾಯಿತು. ಆದರೆ 1684ರಲ್ಲಿ ಅದೇ ಗೋವೆಯ ವೈಸರಾಯನು ಜನರು ಮೂರು ವರುಷದೊಳಗೆ ಕೊಂಕಣಿಯನ್ನು ಬಿಟ್ಟು ಪೋರ್ತುಗೀಸನ್ನೇ ಆಡಬೇಕೆಂದು ಆಜ್ಞೆ ಮಾಡಿದನು. ಒಂದೇ ಸರಕಾರದ ನೆರಳಿನಲ್ಲಿ, ಒಂದು ತಲೆಮಾರಿನವರು ಕಲಿತು ಪೋಷಿಸಿದ ಭಾಷೆಯನ್ನು ಇನ್ನೊಂದು ತಲೆಮಾರಿನವರು ಹೂಳಲು ಹೊರಟರು. ಕೊಂಕಣಿ ಸಾಯಲಿಲ್ಲವೆಂಬುದಕ್ಕೆ ನಮ್ಮ ಹೊಟೇಲುಗಳ ಒಳಮನೆಯೇ ಸಾಕ್ಷಿ.

ಹೀಗೆ ಗೋವೆಯಲ್ಲಿ ಬಾಳುವುದು ಕಷ್ಟವಾದಾಗ ಜನ ದಕ್ಷಿಣಕ್ಕೆ ಗುಳೆ ಹೊರಟರು. ದೇವರ ಮೂರ್ತಿಗಳನ್ನು ಹೊತ್ತುಕೊಂಡು ಗೌಡ ಸಾರಸ್ವತರು ಬಂದರು. ಪೀಠದ ಭಯದಿಂದ, ಬರದಿಂದ, ಮರಾಠರ ದಾಳಿಗಳಿಂದ ತಪ್ಪಿಸಿಕೊಂಡು ಕೊಂಕಣಿ ಕ್ರೈಸ್ತರೂ ಬಂದರು. ಇಬ್ಬರಿಗೂ ನೆಲ ಕೊಟ್ಟುದು ಕನ್ನಡ ಜಿಲ್ಲೆ. ವ್ಯವಸಾಯಬಲ್ಲ ಕ್ರೈಸ್ತರನ್ನು ಕೆಳದಿಯ ವೀರಶೈವ ಅರಸರು ತಮ್ಮ ಸೀಮೆಯಲ್ಲಿ ನೆಲೆಗೊಳಿಸಿದರು. ಗೋವೆಯವರೇ ಆದ ಜೋಸೆಫ್ ವಾಜ್ ಎಂಬ ಪಾದ್ರಿ 1681ರಿಂದ ಮೂರು ವರುಷ ಈ ಜನರ ನಡುವೆ ದುಡಿದು, ಮುಂದೆ ಸಿಂಹಳಕ್ಕೆ ಹೋದರು. 2015ರಲ್ಲಿ ಅವರಿಗೆ ಸಂತಪದವಿ ದೊರೆಯಿತು. 1784ರಲ್ಲಿ ಟಿಪ್ಪುಸುಲ್ತಾನನು ಈ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಎಷ್ಟು ಜನರೆಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಬದುಕಿ ಉಳಿದವರು 1799ರ ಬಳಿಕ ಹಿಂತಿರುಗಿದರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು, ಪ್ರಾಣಕ್ಕಾಗಿ ಊರು ಬಿಟ್ಟು ಬಂದವರ ಮಕ್ಕಳನ್ನು ಪರದೇಶದವರ ಬಾಲವೆಂದು ಕರೆಯುವುದು ಯಾವ ನ್ಯಾಯವೋ ತಿಳಿಯದು. ಪೀಠದ ಪಾಪವನ್ನು ಪೀಠದಿಂದ ಓಡಿಬಂದವರ ತಲೆಗೆ ಕಟ್ಟಿದಂತಾಯಿತು.

ಆದರೆ ಈ ಚರಿತ್ರೆಯಲ್ಲಿ ನಮ್ಮನ್ನು ಹೆಚ್ಚು ಕಾಡುವ ಅಧ್ಯಾಯ ಬೇರೊಂದುಂಟು. 1606ರಲ್ಲಿ ಮಧುರೆಗೆ ಬಂದ ರಾಬರ್ಟೋ ದ ನೊಬಿಲಿ ಎಂಬ ಇಟಲಿಯ ಜೆಸೂಯಿಟ್ ಪಾದ್ರಿ, ಕಾವಿಯುಟ್ಟು, ಮಾಂಸ ಮದ್ಯಗಳನ್ನು ಬಿಟ್ಟು, ಶಿವಧರ್ಮನೆಂಬ ತೆಲುಗು ಬ್ರಾಹ್ಮಣನಲ್ಲಿ ಸಂಸ್ಕೃತವನ್ನು ಕಲಿತನು. ಜುಟ್ಟು, ಜನಿವಾರ, ಗಂಧ ಇವು ಕುಲದ ಗುರುತುಗಳೇ ಹೊರತು ಮತದ ಗುರುತುಗಳಲ್ಲವೆಂದು ವಾದಿಸಿದನು. 1623ರಲ್ಲಿ ಪೋಪರೂ ಅದಕ್ಕೆ ಅನುಮತಿಯಿತ್ತರು. ಅವನ ದಾರಿಯಲ್ಲಿಯೇ ನಡೆದ ಲಿಯೊನಾರ್ದೋ ಚಿನ್ನಮಿ 17ನೆಯ ಶತಮಾನದ ನಡುವೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಶ್ರೀರಂಗಪಟ್ಟಣಕ್ಕೆ ಬಂದು ಸನ್ಯಾಸಿಯ ವೇಷದಲ್ಲಿ ಮೈಸೂರು ಮಿಶನ್ನನ್ನು ಆರಂಭಿಸಿ, ಕನ್ನಡವನ್ನು ಕಲಿತು ಕನ್ನಡದಲ್ಲಿಯೇ ಬರೆದನು. ಪರರ ಭಾಷೆಯನ್ನೂ ಆಚಾರವನ್ನೂ ಇಷ್ಟು ಗೌರವದಿಂದ ಕಲಿತವರನ್ನು ಮೆಚ್ಚದಿರುವುದು ಹೇಗೆ?

ಆದರೆ ಇದರ ಬೆಲೆಯನ್ನು ತೆತ್ತವರು ಯಾರು? ಬ್ರಾಹ್ಮಣವೇಷದ ಪಾದ್ರಿ ಕೀಳೆನಿಸಿಕೊಂಡವರ ಕೇರಿಗೆ ಹಗಲಿನಲ್ಲಿ ಹೋಗುವಂತಿರಲಿಲ್ಲ. ಆದಕಾರಣ 1640ರಲ್ಲಿ ಅವರಿಗಾಗಿ ಬೇರೆಯೇ ಪಾದ್ರಿವರ್ಗ ಹುಟ್ಟಿತು. ಅವರನ್ನು ಪಂಡಾರಸ್ವಾಮಿಗಳೆಂದು ಕರೆದರು. ಒಂದೇ ದೇವರಿಗೆ ಎರಡು ಬಗೆಯ ಗುರುಗಳು, ಎರಡು ಬಗೆಯ ಬಾಗಿಲುಗಳು. 1704ರಲ್ಲಿ ಪೋಪರ ಪ್ರತಿನಿಧಿ ಟೂರ್ನೋನ್ ಪಾಂಡಿಚೇರಿಯಲ್ಲಿ ಇದನ್ನು ಖಂಡಿಸಿದನು. 1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟರು ಕಡೆಯ ತೀರ್ಪನ್ನಿತ್ತರು. ಆಗಲೂ ದೊರೆತ ಪರಿಹಾರವೇನು? ಪರೆಯರಿಗೆಂದೇ ಪ್ರತ್ಯೇಕ ಪಾದ್ರಿಗಳನ್ನು ನೇಮಿಸುವುದು! ನೊಬಿಲಿಯ ವಿಷಯದಲ್ಲಿ 1999ರಲ್ಲಿ ಇನೆಸ್ ಝೂಪಾನೊವ್ ಎಂಬ ವಿದುಷಿ ಬರೆದ ಗ್ರಂಥದಲ್ಲಿ, ಅವನಿಗೂ ಅವನ ಜತೆಯ ಪಾದ್ರಿ ಫೆರ್ನಾಂದಿಸನಿಗೂ ನಡೆದ ಜಗಳದ ವಿವರಣೆಯಿದೆ. ಫೆರ್ನಾಂದಿಸನು ಕರಾವಳಿಯ ಬಡ ಪರವರ ನಡುವೆ ಇದ್ದವನು; ನೊಬಿಲಿ ಕುಲೀನ ಮನೆತನದವನು. ಮೇಲ್ಮನೆಯ ಕಣ್ಣಿಗೆ ಜಾತಿ ಆಚಾರವಾಗಿ ಕಂಡಿತು ಎಂದು ಹೇಳಿದರೆ ತಪ್ಪಾಗಲಾರದು. ಕೊಂಕಣಿ ಕ್ರೈಸ್ತರಲ್ಲಿಯೂ ಬಾಮಣ, ಚಾರಡಿ ಎಂಬ ಭೇದಗಳು ಕಡಲು ದಾಟಿದಂತೆ ಮತವನ್ನೂ ದಾಟಿ ಬಂದವು.

ಕ್ರೈಸ್ತರ ಈ ಕುಂದನ್ನು ಓದಿ ನಗುವವರು ತಮ್ಮ ಮನೆಯ ಕನ್ನಡಿಯನ್ನೂ ನೋಡಿಕೊಳ್ಳಬೇಕು. ಮಧ್ವಾಚಾರ್ಯರ ಶಿಷ್ಯರಾದ ನರಹರಿತೀರ್ಥರು 13ನೆಯ ಶತಮಾನದ ಕೊನೆಯಲ್ಲಿ ಇದೇ ಕಳಿಂಗದೇಶದಲ್ಲಿದ್ದರು. ಶ್ರೀಕೂರ್ಮದ 1281ರ ಶಾಸನದಲ್ಲಿಯೂ ಸಿಂಹಾಚಲದ ಶಾಸನಗಳಲ್ಲಿಯೂ ಅವರ ಹೆಸರಿದೆ. ಉಡುಪಿಯ ಮಾತು ವಿಶಾಖಪಟ್ಟಣಕ್ಕೆ ಇಡ್ಲಿಯ ಜತೆಗೆ ಬಂದುದಲ್ಲ, ಏಳು ನೂರು ವರುಷಗಳ ಹಿಂದೆಯೇ ಬಂದಿತ್ತು. ಆದರೆ ಕನಕದಾಸರಿಗೆ ಉಡುಪಿಯಲ್ಲಿ ಗೋಡೆಯ ಕಿಂಡಿಯೇ ದರ್ಶನದ್ವಾರವಾಯಿತೆಂಬ ಐತಿಹ್ಯವನ್ನು ಭಕ್ತಿಯಿಂದ ಹೇಳುವ ನಾವು, ಬಾಗಿಲು ಏಕೆ ತೆರೆಯಲಿಲ್ಲವೆಂದು ಕೇಳುವುದಿಲ್ಲ. ನಮ್ಮ ಹೊಟೇಲುಗಳಲ್ಲಿಯೂ ಬ್ರಾಹ್ಮಣರಿಗೆ ಒಳಕೋಣೆ, ಮಿಕ್ಕವರಿಗೆ ಹೊರಗಿನ ಬೆಂಚು, ಇನ್ನು ಕೆಲವರಿಗೆ ಅಂಗಳದ ಲೋಟ ಎಂಬ ಏರ್ಪಾಡು ಇದ್ದ ಕಾಲವನ್ನು ಹಿರಿಯರು ಬಲ್ಲರು. ಸಂವಿಧಾನದ 15 ಮತ್ತು 17ನೆಯ ವಿಧಿಗಳೂ, ಹೊಟೇಲುಗಳ ಹೆಸರನ್ನೇ ಎತ್ತಿ ಹೇಳಿದ 1955ರ ಅಸ್ಪೃಶ್ಯತಾ ಅಪರಾಧಗಳ ಕಾಯಿದೆಯೂ ಅದನ್ನು ಅಳಿಸಿದವು. ನಾಲ್ಕಾಣೆ ಕೊಟ್ಟವರೆಲ್ಲರಿಗೂ ಒಂದೇ ಮೇಜಿನ ಮೇಲೆ ಕಾಫಿ ಇಟ್ಟ ಹೊಟೇಲಿನ ಮಾಣಿ, ತಾನರಿಯದೆಯೇ ಮಾಡಿದ ಮತಸುಧಾರಣೆ ದೊಡ್ಡದು. ಆದರೆ ಗಿರಾಕಿಯ ಪಂಕ್ತಿ ಒಂದಾದರೂ ಅಡಿಗೆಮನೆಯ ಪಂಕ್ತಿ ಒಂದಾಗಿದೆಯೇ? ಭಟ್ಟರ ಕೋಣೆಗೂ ಲೋಟ ತೊಳೆಯುವವನ ಕೋಣೆಗೂ ಮಧ್ಯದ ಗೋಡೆಯನ್ನು ಯಾವ ಕಾಯಿದೆಯೂ ಮುಟ್ಟಿಲ್ಲ. ಅದು ಮಾಲಿಕರೂ ಕೆಲಸಗಾರರೂ ಸೇರಿ ಮುಟ್ಟಬೇಕಾದ ಗೋಡೆ.

ಈ ಊರುಗಳಲ್ಲಿ ಆ ಲೋಟ ತೊಳೆಯುವವನು ಅನೇಕ ವೇಳೆ ತೆಲುಗು ಕ್ರೈಸ್ತನೇ. ಅವನ ಮತದ ಚರಿತ್ರೆಯೂ ನಮಗೆ ದೂರದ್ದಲ್ಲ. ಲಂಡನ್ ಮಿಶನ್ನಿನ ಕ್ರಾನ್ ಮತ್ತು ದೆ ಗ್ರಾಂಜ್ ಎಂಬವರು 1805ರಲ್ಲಿ ವಿಶಾಖಪಟ್ಟಣಕ್ಕೆ ಬಂದು, ಆನಂದರಾಯನೆಂಬ ಬ್ರಾಹ್ಮಣ ಕ್ರೈಸ್ತನ ನೆರವಿನಿಂದ ಸುವಾರ್ತೆಗಳನ್ನು ತೆಲುಗಿಗೆ ತಂದರು. ಐದು ವರುಷ ತುಂಬುವಷ್ಟರಲ್ಲಿ ಇಬ್ಬರೂ ತೀರಿಕೊಂಡರು. ಅದೇ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಬೈಬಲ್ಲಿಗೆ ಕೈಹಾಕಿದನು. ಅಲ್ಲಿಯ ವಿಲಿಯಂ ರೀವನ ನಿಘಂಟು ಕಿಟ್ಟೆಲ್ಲರ 1894ರ ಮಹಾನಿಘಂಟಿಗೆ ದಾರಿ ಮಾಡಿತು. ಮುಂದೆ ಕೃಷ್ಣಾ ಗೋದಾವರಿ ಸೀಮೆಯಲ್ಲಿ ಸಾವಿರಾರು ಮಾಲರೂ ಮಾದಿಗರೂ ಕ್ರೈಸ್ತರಾದುದು ಪಂಕ್ತಿಯಲ್ಲಿ ಕೂಡಿಸುವವರನ್ನು ಹುಡುಕಿಕೊಂಡು. 1950ರ ರಾಷ್ಟ್ರಪತಿಗಳ ಆಜ್ಞೆಯಂತೆ ಪರಿಶಿಷ್ಟ ಜಾತಿಯ ಸೌಲಭ್ಯ ಹಿಂದುಗಳಿಗೆ ಮಾತ್ರ ದೊರೆಯಿತು; 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿತು; ಕ್ರೈಸ್ತರಾದವರಿಗೆ ಇಲ್ಲ. ಈ ಪ್ರಶ್ನೆಯನ್ನು ಪರಿಶೀಲಿಸಲು ಸರಕಾರ 2022ರಲ್ಲಿ ನ್ಯಾಯಮೂರ್ತಿ ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಿತು. ಕ್ರೈಸ್ತಮತದಲ್ಲಿ ಜಾತಿಯಿಲ್ಲವಾದ್ದರಿಂದ ಸೌಲಭ್ಯ ಬೇಡವೆಂಬುದು ಒಂದು ವಾದ. ಪಂಡಾರಸ್ವಾಮಿಗಳ ಕಥೆಯನ್ನು ಓದಿದವರು ಆ ವಾದವನ್ನು ಸುಲಭವಾಗಿ ಒಪ್ಪಲಾರರು.

ನವೆಂಬರ್ ತಿಂಗಳಿನಲ್ಲಿ ರಾಜ್ಯೋತ್ಸವದ ಹೆಸರಿನಲ್ಲಿ ನಮ್ಮವರು ಚಂದಾ ಎತ್ತಿ ವಾದ್ಯಗೋಷ್ಠಿಯನ್ನೂ ಊಟವನ್ನೂ ಏರ್ಪಡಿಸುವುದುಂಟು. ಅದರಲ್ಲಿ ಒಂದು ಪಾಲನ್ನು ತೆಗೆದಿಟ್ಟು, ಹೆರಾಸರ ಮತ್ತು ಪ್ರಿಯೋಳಕರರ ಗ್ರಂಥಗಳನ್ನೂ, ಹೆರಾಸರ ಸಂಶೋಧನ ಮಂದಿರದಲ್ಲಿ ಪಳಗಿದ ಜಾರ್ಜ್ ಮೊರಾಯಿಸರು ಬರೆದ 'ಕದಂಬ ಕುಲ'ವನ್ನೂ ತರಿಸಿ ಒಂದು ಕಪಾಟಿನಲ್ಲಿಡಬಹುದು. ಇಂಗ್ಲಿಷು ಬಲ್ಲ ಗುಮಾಸ್ತರೊಬ್ಬರು ವಾರದ ರಜೆಯ ದಿನ ಹತ್ತು ಹತ್ತು ಪುಟಗಳನ್ನು ಕನ್ನಡದಲ್ಲಿ ಹೇಳಿದರೆ ಕೇಳುವವರಿಗೆ ಬರವಿಲ್ಲ. ಸಿಂಹಾಚಲಕ್ಕೆ ಊರ ಬಸ್ಸಿನಲ್ಲಿ ಹೋಗಿಬರಬಹುದು, ಕೊಂಡಪಲ್ಲಿಗೆ ವಿಜಯವಾಡದಿಂದ ಅರ್ಧ ದಿನ ಸಾಕು. ಹೋಗುವಾಗ ಲೋಟ ತೊಳೆಯುವ ಹುಡುಗನನ್ನೂ ಕರೆದುಕೊಂಡು ಹೋಗಬೇಕು. ಬುತ್ತಿಯನ್ನು ಎಲ್ಲರೂ ಒಟ್ಟಿಗೆ ಬಿಚ್ಚಬೇಕು.